ವಿದ್ಯಾರ್ಥಿಗಳನ್ನು ಕೇಳಿ ಕಟ್ಟಿದ ಪಾಠ

ಪಾಠವನ್ನು ಕಲಿಸುವವನ ಅನುಕೂಲಕ್ಕಲ್ಲ, ಕಲಿಯುವವರ ಅಗತ್ಯಕ್ಕೆ ತಕ್ಕಂತೆ ಕಟ್ಟಬೇಕು ಎಂದು ಒಂದು ತರಬೇತಿಯಲ್ಲಿ ಹೇಳಿಕೊಟ್ಟರು. ಕರ್ನಾಟಕದ ಗಡಿಗೆ ಹತ್ತಿದ ತೆಲಂಗಾಣದ ಊರುಗಳ ಡಿಗ್ರಿ ಕಾಲೇಜುಗಳಲ್ಲಿ ರಾಜ್ಯಶಾಸ್ತ್ರ ಹೇಳುತ್ತಿದ್ದ ನಾನು ಅದನ್ನು ನಂಬಿಬಿಟ್ಟೆ. ಅಂದಿನಿಂದ ಯಾವ ಊರಿಗೆ ವರ್ಗವಾದರೂ ತರಗತಿಯಲ್ಲಿ ಪೆಚ್ಚಾಗುವುದು ತಪ್ಪಲಿಲ್ಲ.

ನಾರಾಯಣಖೇಡದ ಚೀಟಿ

ಮೊದಲ ದಿನ ಎಲ್ಲರಿಗೂ ಒಂದೊಂದು ಚೀಟಿ ಹಂಚಿದೆ. "ಈ ವರ್ಷ ನಿಮಗ ಏನು ಕಲೀಬೇಕಂತ ಅನಸ್ತದ, ಬರೀರಿ. ಹೆಸರು ಬ್ಯಾಡ" ಅಂದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶಾಲೆಗೆ ಸೇರಿದಾಗಿನಿಂದ ಯಾರೂ ಅವರನ್ನು ಹಾಗೆ ಕೇಳಿರಲಿಲ್ಲ. ಚೀಟಿಗಳೆಲ್ಲ ಖಾಲಿ ಬಂದವು. ಒಂದರಲ್ಲಿ ಮಾತ್ರ, ಗಡಿಯಂಚಿನ ಕಂಗ್ಟಿ ಕಡೆಯವರಿರಬೇಕು, ಕನ್ನಡದಲ್ಲಿ ಬರೆದಿದ್ದರು:

"ಸರ್, ಬೇಜಾರ್ ಮಾಡ್ಕೋಬ್ಯಾಡ್ರಿ. ನಿಮಗ ಏನ್ ಬರ್ತದೋ ಅದನ್ನೇ ಕಲಸ್ರಿ."

ತಾಂಡೂರಿನ ಕಲ್ಲು

ಅಲ್ಲಿ ಬೇರೆ ಉಪಾಯ ಹೂಡಿದೆ. ಮನೆಯಲ್ಲಿ ಕಲಿತದ್ದೊಂದನ್ನು ಪ್ರತಿಯೊಬ್ಬರೂ ತರಗತಿಗೆ ಕಲಿಸಬೇಕು, ಅದಕ್ಕೂ ಅಂಕ ಉಂಟು. ಕಲ್ಲು ಪಾಲಿಶ್ ಮಾಡುವವರ ಮಗಳೊಬ್ಬಳು ಎರಡು ಹಾಸುಗಲ್ಲು ಹೊತ್ತು ತಂದಳು. ಬೆರಳಿನಿಂದ ತಟ್ಟಿ, ಸದ್ದು ಕೇಳಿ, ಒಳಗೆ ಬಿರುಕಿದೆಯೋ ಇಲ್ಲವೋ ಹೇಳುವುದನ್ನು ತೋರಿಸಿದಳು. ನಾನೂ ತಟ್ಟಿದೆ. "ಇದು ಗಟ್ಟಿ ಅದ" ಅಂದೆ.

"ಒಳಗ ಒಡದದರಿ ಸರ್. ಇನ್ನೊಮ್ಮೆ ಕೇಳ್ರಿ."

ಮೂರು ಸಲ ಕೇಳಿದ ಮೇಲೆ ನನಗೂ ವ್ಯತ್ಯಾಸ ತಿಳಿಯಿತು. ಖುಷಿಯಾಗಿ, "ಇಪ್ಪತ್ತಕ್ಕ ಹದಿನೆಂಟು ಕೊಡ್ತೀನವ್ವಾ" ಅಂದೆ. ಅವಳು ನನ್ನನ್ನೇ ನೋಡಿ ಮೆಲ್ಲಗೆ ಹೇಳಿದಳು:

"ನಿಮ್ಮನ್ನ ನಾ ಪಾಸ್ ಅಷ್ಟೇ ಮಾಡ್ತೀನ್ರಿ."

ಜಹೀರಾಬಾದಿನ ಶಾಮಿಯಾನ

ಪ್ರತ್ಯೇಕ ತೆಲಂಗಾಣ ರಾಜ್ಯದ ಚಳವಳಿ ಜೋರಾಗಿದ್ದ ಕಾಲ. ಬಂದ್ ಮೇಲೆ ಬಂದ್. ಕಾಲೇಜಿಗೆ ಬೀಗ. ಇವರ ವರ್ಷವೇ ಹೋಗುತ್ತದಲ್ಲ ಎಂಬ ಚಿಂತೆ ನನಗೆ. ವಿದ್ಯಾರ್ಥಿಗಳೆಲ್ಲ ಸರದಿ ಉಪವಾಸದ ಶಾಮಿಯಾನದಲ್ಲಿ ಕೂತಿದ್ದರು. ಅವರಿದ್ದಲ್ಲಿಗೇ ಹೋಗಿ ಪಾಠ ಮುಗಿಸೋಣವೆಂದು ಪುಸ್ತಕ ಹಿಡಿದು ಹೊರಟೆ. ಬೆಳಿಗ್ಗೆ ಕುಡಿದದ್ದು ಒಂದು ಕಪ್ ಚಹಾ.

ಒಳಗೆ ಕಾಲಿಟ್ಟದ್ದೇ ತಡ, ಹಿರಿಯರೊಬ್ಬರು ನನ್ನ ಕೊರಳಿಗೆ ಹಾರ ಹಾಕಿದರು. ಹಾರ ಬಿತ್ತೆಂದರೆ ಅಂದಿನ ಉಪವಾಸ ಅವನದು.

"ನಾ ಪಾಠ ಮಾಡಾಕ ಬಂದೀನ್ರಿ" ಅಂದೆ.

"ಕೂತೇ ಮಾಡ್ರಿ ಸರ್. ಈಗ ಹಾರ ತೆಗದ್ರ ಮಂದಿ ಏನಂತಾರ?"

ಕೂತೆ. ಸಂವಿಧಾನದಲ್ಲಿ ಹೊಸ ರಾಜ್ಯ ಹೇಗೆ ಮಾಡುತ್ತಾರೆ ಎಂಬ ಪಾಠ ತೆಗೆದೆ. ತರಗತಿಯಲ್ಲಿ ಅದೇ ಪಾಠಕ್ಕೆ ಆಕಳಿಸಿದ್ದವರು ಈಗ ಮುಂದೆ ಸರಿದು ಕೂತರು. ವಿಧಾನಸಭೆ ಒಪ್ಪದಿದ್ದರೂ ಸಂಸತ್ತು ಮಾಡಬಹುದು ಅಂದಾಗ ಚಪ್ಪಾಳೆ ಬಿತ್ತು. ಹಿಂದೆ ಕೂತಿದ್ದ ಅಜ್ಜಿಯೊಬ್ಬಳು, "ಹಂಗಾದ್ರ ಇಲ್ಲಿ ಕೂತ ನಮ್ಮ ಮಾತು ಯಾರ್ ಕೇಳ್ತಾರಪ್ಪಾ?" ಅಂದಳು. ನಾನು ಪುಸ್ತಕ ಮುಚ್ಚಿದೆ. ಸಂಜೆ ಉಪವಾಸ ಬಿಡಿಸುವ ನಿಂಬೆ ಶರಬತ್ತು ಬರುವ ತನಕ ನಾವೆಲ್ಲ ಅದನ್ನೇ ಚರ್ಚಿಸಿದೆವು; ತರಗತಿಯಲ್ಲಿ ಸುಮ್ಮನಿರುತ್ತಿದ್ದವರೂ ಪ್ರಶ್ನೆ ಕೇಳಿದರು. ಅಂಥ ತರಗತಿ ನಾನು ಹಿಂದೆಂದೂ ತೆಗೆದುಕೊಂಡಿರಲಿಲ್ಲ.

ಪರೀಕ್ಷೆ ತಡವಾಗಿಯಾದರೂ ನಡೆಯಿತು. ಕೊನೆಗೆ ಅಭಿಪ್ರಾಯ ಪತ್ರ ಕೊಟ್ಟು, ಪಾಠಕ್ರಮದಲ್ಲಿ ಹೆಚ್ಚು ಉಪಯೋಗವಾದದ್ದು ಯಾವುದೆಂದು ಕೇಳಿದೆ. ತರಗತಿಯಲ್ಲಿ ಒಮ್ಮೆಯೂ ಬಾಯಿ ಬಿಡದ ಹುಡುಗಿಯೊಬ್ಬಳು ಬರೆದಿದ್ದಳು:

"ಸರ್‌ಗೆ ಹಾರ ಹಾಕಿದ್ದು. ನಿಮಗ ಎದ್ದು ಹೋಗಾಕ ಬರಲಿಲ್ಲ ನೋಡ್ರಿ, ಅದಕ್ಕ ನನ್ನ ಪ್ರಶ್ನೆ ಕೇಳಾಕ ಟೈಮ್ ಸಿಕ್ತು. ಬರೋ ವರ್ಷದವರ ಸಲುವಾಗೂ ಹಿಂಗೇ ಉಪವಾಸ ಕೂಡ್ರಿ."