ಬೆಲ್ಲ, ಕೊಬ್ಬರಿ ಮತ್ತು ಸಂದಿಯ ರಾಜಿ

ಎರಡು ಗಂಡು ಮೊಲ ಸಾಕಿದವರಿಗೆ ಮನೆಯಲ್ಲಿ ಟಿ.ವಿ. ಬೇಕಾಗಲ್ಲ. ಅಕ್ಕಪಕ್ಕದವರಿಗೂ ಬೇಕಾಗಲ್ಲ, ಅವರು ನಮ್ಮನ್ನೇ ನೋಡ್ತಾರೆ. ಜರಗನಹಳ್ಳಿಯ ನಮ್ಮ ಬಾಡಿಗೆ ಮನೆಯಲ್ಲಿ ಇಂಥದ್ದು ನಡೀತಾನೇ ಇರುತ್ತೆ.

ಜೋಡಿ

"ಗಂಡು-ಹೆಣ್ಣು ಮೇಡಂ, ಒಳ್ಳೇ ಜೋಡಿ" ಅಂತ ಅಂಗಡಿಯವನು ಕೊಟ್ಟ. ಕಂದು ಮೊಲಕ್ಕೆ ಬೆಲ್ಲ, ಬಿಳಿಯದಕ್ಕೆ ಕೊಬ್ಬರಿ ಅಂತ ಹೆಸರಿಟ್ಟೆವು. ಮರಿಗಳಾಗಿದ್ದಾಗ ಒಂದರ ಮೈಮೇಲೆ ಇನ್ನೊಂದು ತಲೆಯಿಟ್ಟು ಮಲಗ್ತಿದ್ದವು. ಪ್ರಾಯಕ್ಕೆ ಬಂದಿದ್ದೇ ತಡ, ಒಂದು ಬೆಳಿಗ್ಗೆ ಹಾಲ್ ತುಂಬಾ ಕೂದಲು, ಬೆಲ್ಲದ ಕಿವಿಯಲ್ಲಿ ರಕ್ತ.

"ಸಂಸಾರದ ವಿಷಯ, ನಾವು ತಲೆ ಹಾಕಬಾರದು" ಅಂದ ನಮ್ಮನೆಯವರು ಆಮೇಲೆ ತಾವೇ ಕೈ ಹಾಕಿದರು. ಬೆಲ್ಲದ ಕಿವಿಗೆ ಒಬ್ಬ ಡಾಕ್ಟರು, ಇವರ ಬೆರಳಿಗೆ ಇನ್ನೊಬ್ಬರು.

ಮೊಲದ ಡಾಕ್ಟರು ಎರಡನ್ನೂ ತಿರುಗಿಸಿ ನೋಡಿ, "ಎರಡೂ ಗಂಡೇ" ಅಂದರು. ಅಂಗಡಿಗೆ ಫೋನ್ ಮಾಡಿ ಬೈದೆ.

"ಜೋಡಿ ಅಂದ್ರೆ ಎರಡು ತಾನೇ ಮೇಡಂ? ಎರಡು ಕೊಟ್ಟಿದೀನಲ್ಲ!"

ಗಂಡಸಿನ ಆಸರೆ

"ಎರಡಕ್ಕೂ ಸಂತಾನಹರಣ ಆಪರೇಷನ್ ಮಾಡಿಸಿ" ಅಂದರು ಡಾಕ್ಟರು. "ಆಮೇಲೂ ಕೋಪ ಇಳಿಯೋಕೆ ಕೆಲವು ವಾರ ಬೇಕು. ಪಂಜರ ಬೇರೆ ಬೇರೆ, ಆದರೆ ಅಕ್ಕಪಕ್ಕ ಇರಲಿ. ಹಾಸಿದ ಬಟ್ಟೆ ಅದಲು ಬದಲು ಮಾಡ್ತಿರಿ, ವಾಸನೆ ಅಭ್ಯಾಸ ಆಗುತ್ತೆ. ಆಗಲೂ ಹೊಂದಲಿಲ್ಲ ಅಂದ್ರೆ ಒಂದನ್ನ ಯಾರಿಗಾದರೂ ಕೊಟ್ಬಿಡಿ."

ಕೊಡೋದು ಅಂದಾಗ ನನಗೆ ಸಂಕಟ. ಇವರಿಗೋ ಆಪರೇಷನ್ ಅಂದಾಗಲೇ ಸಂಕಟ. ನನ್ನ ಸಿಸೇರಿಯನ್ ದಿನ ಮಧ್ಯಾಹ್ನವೇ ಮೀಟಿಂಗ್‌ಗೆ ಓಡಿದ್ದ ಮಹಾನುಭಾವರು ಮೊಲಗಳಿಗಾಗಿ ರಜೆ ಹಾಕಿ ಪಂಜರದ ಮುಂದೆ ಕೂತರು.

"ಇಂಥ ಹೊತ್ತಲ್ಲಿ ಅವಕ್ಕೆ ಒಬ್ಬ ಗಂಡಸಿನ ಆಸರೆ ಬೇಕು ಕಣೇ!"

ಯಾರದೂ ಅಲ್ಲದ ಜಾಗ

ಮತ್ತೆ ಸೇರಿಸುವಾಗ ಎರಡಕ್ಕೂ ಹೊಸ ಜಾಗ ಬೇಕಂತೆ. ಇಲ್ಲದಿದ್ದರೆ "ಇದು ನಂದು" ಅಂತ ಕಾದಾಡ್ತವಂತೆ.

ನಮ್ಮ ಕೆಳಗೆ ಓನರ್ ಅಂಕಲ್, ಪಕ್ಕದ ಮನೆಯಲ್ಲಿ ಅವರ ಸ್ವಂತ ತಮ್ಮ. ಮಧ್ಯೆ ಒಂದು ಸಂದಿ. ಭಾಗ ಆದಾಗಿನಿಂದ ಅದು ಯಾರದು ಅಂತ ತೀರ್ಮಾನವಾಗಿಲ್ಲ, ಇಬ್ಬರೂ ಕಾಲಿಡಲ್ಲ, ಮಾತೂ ಆಡಲ್ಲ.

"ಅಲ್ಲೇ ಬಿಡಮ್ಮ, ನಂದೇ ಜಾಗ" ಅಂದರು ಅಂಕಲ್.

"ಧಾರಾಳವಾಗಿ ಬಿಡಿ ಮೇಡಂ, ನಮ್ಮ ಜಾಗ" ಅಂದರು ತಮ್ಮ.

ಮೊದಲ ಸಂಜೆ ಬೆಲ್ಲ ಕೊಬ್ಬರಿಯನ್ನ ಅಟ್ಟಿಸಿಕೊಂಡು ಹೋಗಿ ಕಚ್ಚಿತು. ಪೊರಕೆ ಅಡ್ಡ ಇಟ್ಟು ಬಿಡಿಸಿದೆ. ದಿನಾ ಸ್ವಲ್ಪ ಸ್ವಲ್ಪ ಹೊತ್ತು ಬಿಡ್ತಾ ಬಂದೆ. ಅಣ್ಣ ಈ ಬಾಗಿಲಲ್ಲಿ, ತಮ್ಮ ಆ ಬಾಗಿಲಲ್ಲಿ, ಪ್ರೇಕ್ಷಕರು. ಆ ತಮ್ಮ ಅವರ ಮನೆ ಕುಂಡದ ಕೊತ್ತಂಬರಿ ಕಿತ್ತು ಮೊಲಗಳಿಗೆ ಎಸೆಯೋಕೆ ಶುರು ಮಾಡಿದರು.

"ಒಂದೇ ಕಡೆ ಹಾಕು ಅಂತ ಹೇಳಮ್ಮ ಅವನಿಗೆ, ಜೊತೇಲಿ ತಿನ್ನಲಿ" ಅಂದರು ಅಂಕಲ್.

ನಾಲ್ಕು ಹೆಜ್ಜೆ ಆಚೆಯಿಂದ ತಮ್ಮ, "ಗೊತ್ತು ಅಂತ ಹೇಳಿ ಮೇಡಂ ಅವರಿಗೆ" ಅಂದರು.

ಕೊನೆಗೊಂದು ಸಂಜೆ ಕೊಬ್ಬರಿ ಮೆಲ್ಲಗೆ ಬಂದು ಬೆಲ್ಲದ ಮುಂದೆ ತಲೆ ತಗ್ಗಿಸಿ ಕೂತಿತು. ನಾನು ಪೊರಕೆ ಬಿಗಿಯಾಗಿ ಹಿಡಿದೆ. ಬೆಲ್ಲ ಒಂದಷ್ಟು ಹೊತ್ತು ನೋಡಿ, ಅದರ ಹಣೆ ನೆಕ್ಕೋಕೆ ಶುರು ಮಾಡಿತು. ನನ್ನ ಕಣ್ಣು ತುಂಬಿ ಬಂತು. ಅಂಕಲ್ ಕೂಡ ಪಂಚೆ ತುದಿಯಿಂದ ಕಣ್ಣೊರೆಸಿಕೊಂಡರು.

"ನೋಡಮ್ಮ, ಒಂದೇ ಮನೇಲಿ ಬೆಳೆದೋರು ಹಿಂಗಿರ್ಬೇಕು."

"ಸರಿಯಾಗಿ ಹೇಳಿದ್ರು ಅಂತ ಹೇಳಿ" ಅಂದ ತಮ್ಮನ ದನಿಯೂ ನಡುಗ್ತಿತ್ತು.

ಇನ್ನೇನು ಇಬ್ಬರೂ ಅಪ್ಪಿಕೊಳ್ತಾರೆ ಅಂತ ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಅಂಕಲ್ ಸಂದಿಗೆ ಇಳಿದರು, ಬಗ್ಗಿದರು, ಮೊಲದ ಹಿಕ್ಕೆಯನ್ನೆಲ್ಲ ಮೊರಕ್ಕೆ ಬಳಿದುಕೊಂಡು, "ನಮ್ಮ ಗುಲಾಬಿಗೆ ಒಳ್ಳೇ ಗೊಬ್ಬರ" ಅಂದರು.

ತಮ್ಮನಿಗೆ ನಾನು ಮಧ್ಯೆ ಇರೋದೇ ಮರೆತುಹೋಯಿತು. ಎಷ್ಟೋ ವರ್ಷಗಳ ಮೇಲೆ ಮೊದಲ ಸಲ ಅಣ್ಣನ ಮುಖ ನೋಡಿ ಮಾತಾಡಿದರು:

"ಅಣ್ಣಾ, ಇಡು ಕೆಳಗೆ! ಅವು ತಿಂದಿದ್ದು ಯಾರ ಕೊತ್ತಂಬರಿ?"