ನೀರಿನ ಭಾಷಣಕ್ಕೆ ನೀರು ಕುಡಿಯದೆ ಹೋದವನು

ನಿಮಗೆ ಯಾವತ್ತಾದರೂ ಹೀಗಾಗಿದೆಯಾ? ಊರಿಗೆಲ್ಲ ಬುದ್ಧಿ ಹೇಳಲು ಮೈಕ್ ಹಿಡಿದ ವಿಷಯವೇ ನಿಮ್ಮನ್ನು ನೆಲಕ್ಕೆ ಕೆಡವಿದೆಯಾ? ನನಗೆ ಆಗಿದೆ. ಮೊನ್ನೆ ಶುಕ್ರವಾರ, ಈ ಅರಬ್ ನಾಡಿನ ಅಲ್ ಕೂಜ್‌ನಲ್ಲಿ, ಇನ್ನೂರು ಜನರೆದುರು.

ನಮ್ಮ ಕನ್ನಡ ಸಂಘ ಬೇಸಿಗೆಯಲ್ಲಿ ಕಾರ್ಮಿಕರ ವಸತಿಗೆ ಹೋಗಿ ಆರೋಗ್ಯದ ಮಾತು ಹೇಳಿ ಬರುತ್ತದೆ. ಈ ಸಲದ ವಿಷಯ, ಮನುಷ್ಯನ ದೇಹಕ್ಕೆ ನೀರು ಏಕೆ ಬೇಕು. ಬರಬೇಕಿದ್ದ ಡಾಕ್ಟರರಿಗೆ ಡ್ಯೂಟಿ ಬಿತ್ತು. ಕಾರ್ಯದರ್ಶಿ ವಾಲ್ಟರ್ ನನಗೆ ಫೋನ್ ಮಾಡಿದರು.

"ಶೆಟ್ರೆ, ನೀವೊಂದು ಅರ್ಧ ಗಂಟೆ ಮಾತಾಡಿ. ಚಂದ ಆದ್ರೆ ನವೆಂಬರಿನ ರಾಜ್ಯೋತ್ಸವಕ್ಕೂ ಮೈಕ್ ನಿಮ್ಮ ಕೈಗೇ."

ರಾಜ್ಯೋತ್ಸವದ ನಿರೂಪಣೆ! ಆರು ವರ್ಷದಿಂದ ಸಂಘದಲ್ಲಿ ನನ್ನ ಕೆಲಸ ಕುರ್ಚಿ ಜೋಡಿಸುವುದು. ಮೈಕಿನ ಆಸೆಗೂ ಅಷ್ಟೇ ವಯಸ್ಸು. ತಕ್ಷಣ ಒಪ್ಪಿಕೊಂಡೆ. ನೀರಿನ ಬಗ್ಗೆ ಗೊತ್ತಿಲ್ಲದ್ದು ಏನಿದೆ?

ಗುರುವಾರ ಸಂಜೆಯಿಂದ ಕೂತಲ್ಲಿ ಕೂರಲಾಗಲಿಲ್ಲ. ಅಲ್ ಬರ್ಷಾದ ಫ್ಲ್ಯಾಟಿನಲ್ಲಿ ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ನಡೆಯುತ್ತಾ ಅಭ್ಯಾಸ ಮಾಡಿದೆ. ಆಗ ಒಂದು ಭಯ ಹುಟ್ಟಿತು. ಗಾಬರಿಯಾದರೆ ನನಗೆ ಹತ್ತು ನಿಮಿಷಕ್ಕೊಮ್ಮೆ ಬಾತ್‌ರೂಮಿಗೆ ಹೋಗಬೇಕಾಗುತ್ತದೆ. ಭಾಷಣದ ಮಧ್ಯೆ ಅವಸರವಾದರೆ? ಎಲ್ಲ ಸಾಧಕ ಬಾಧಕಗಳನ್ನು ಕೂಲಂಕಷವಾಗಿ ಪರಿಶೀಲಿಸಿ ಒಂದು ಐತಿಹಾಸಿಕ ನಿರ್ಧಾರ ಕೈಗೊಂಡೆ. ಭಾಷಣ ಮುಗಿಯುವವರೆಗೆ ನೀರು ಮುಟ್ಟುವುದಿಲ್ಲ.

ಬೆಳಿಗ್ಗೆ ಹೆಂಡತಿ ಶೋಭಾ ಲೋಟ ಹಿಡಿದು ಬಂದಳು. "ಒಂದು ಗ್ಲಾಸ್ ನೀರಾದ್ರೂ ಕುಡೀರಿ ಮಾರಾಯ್ರೆ."

"ಬೇಡ. ಪ್ಲ್ಯಾನ್ ಉಂಟು."

"ನೀರಿನ ಬಗ್ಗೆ ಮಾತಾಡ್ಲಿಕ್ಕೆ ಹೋಗುವವರಿಗೇ ನೀರು ಬೇಡ. ನಿಮ್ಮ ಪ್ಲ್ಯಾನಿಗೊಂದು ನಮಸ್ಕಾರ."

ಗಂಟಲು ಸರಿಯಿರಲಿ ಎಂದು ಇಲ್ಲಿನ ಗಟ್ಟಿ ಹಾಲಿನ ಕರಕ್ ಚಾ ಮೂರು ಲೋಟ ಮಾತ್ರ ಕುಡಿದು, ಕೋಟು ಟೈ ಏರಿಸಿ ಹೊರಟೆ. ಜೂನ್ ತಿಂಗಳು.

ಅಲ್ ಕೂಜ್‌ನ ಕಾರ್ಮಿಕ ವಸತಿಗಳೆಲ್ಲ ಒಂದೇ ಅಚ್ಚಿನವು. ಹಂಚಲು ತಂದ ನೀರಿನ ಬಾಟಲಿಗಳ ಪೆಟ್ಟಿಗೆಗಳಲ್ಲಿ ಒಂದನ್ನು ಹೆಗಲಿಗೇರಿಸಿ ಮೊದಲ ಗೇಟಿಗೆ ಹೋದೆ. ಕಾವಲುಗಾರ ಹಿಂದಿನ ಗೇಟು ಎಂದ. ಹಿಂದಿನವನು ಮುಂದಿನ ಗೇಟು ಎಂದ. ಇಪ್ಪತ್ತು ನಿಮಿಷ ಬಿಸಿಲಲ್ಲಿ ಸುತ್ತಿದೆ. ಹೆಗಲ ಮೇಲೆ ಇಪ್ಪತ್ನಾಲ್ಕು ಬಾಟಲಿ ನೀರು, ಹೊಟ್ಟೆಯಲ್ಲಿ ಒಂದು ಹನಿಯೂ ಇಲ್ಲ. ನಿರ್ಧಾರ ಅಂದರೆ ನಿರ್ಧಾರ.

ಊಟದ ಕೋಣೆಯಲ್ಲಿ ಸಭೆ. ಆರಂಭ ಭರ್ಜರಿಯಾಗಿತ್ತು. ನಮ್ಮ ಮೈಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಎಂದೆ. ರಕ್ತ ಓಡಲು ನೀರು ಬೇಕು, ಬೆವರಿ ಮೈ ತಣ್ಣಗಾಗಲು ನೀರು ಬೇಕು, ಕಿಡ್ನಿ ಕಸ ಹೊರಹಾಕಲು ನೀರು ಬೇಕು ಎಂದೆ. ಮುಂದಿನ ಸಾಲಿನಲ್ಲಿ ವಾಲ್ಟರ್ ತಲೆಯಾಡಿಸಿದರು. ನವೆಂಬರ್ ಹತ್ತಿರ ಬಂತು.

"ನೀರು ಕಡಿಮೆಯಾದರೆ ಮೊದಲು ಬಾಯಿ ಒಣಗುತ್ತದೆ" ಎಂದೆ. ನಾಲಿಗೆ ಅಂಗುಳಿಗೆ ಅಂಟಿತು. ಮುಂದಿನ ಎರಡು ವಾಕ್ಯ ಯಾವ ಭಾಷೆಯಲ್ಲಿ ಬಂದವೋ ನನಗೂ ಗೊತ್ತಾಗಲಿಲ್ಲ. ಜನ ನಕ್ಕರು.

"ನಂತರ ತಲೆ ತಿರುಗುತ್ತದೆ." ಎದುರಿನ ಗೋಡೆ ನಿಧಾನವಾಗಿ ಎಡಕ್ಕೆ ಹೊರಟಿತು. ಮೇಜು ಹಿಡಿದುಕೊಂಡೆ. ಚಪ್ಪಾಳೆ.

"ಆಮೇಲೆ ಕಾಲಿನ ಸ್ನಾಯು..."

ಬಲಗಾಲಿನ ಮೀನಖಂಡ ಕಲ್ಲಾಯಿತು. "ಅಯ್ಯಮ್ಮಾ" ಎನ್ನುತ್ತಾ ಮೈಕ್ ಸಮೇತ ಬಿದ್ದೆ. ಇನ್ನೂರು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಎಂತ ಆಕ್ಟಿಂಗ್ ಮಾರಾಯ, ಇವರು ಯಕ್ಷಗಾನ ಮೇಳದಲ್ಲಿ ಇರ್ಬೇಕಿತ್ತು" ಎಂದು ಯಾರೋ ಹೇಳಿದ್ದು ನೆಲದಿಂದಲೇ ಕೇಳಿಸಿತು.

ಚಪ್ಪಾಳೆ ತಟ್ಟದವರು ಒಬ್ಬರೇ. ದಯಾನಂದ ಎಂದು, ಕಾರ್ಕಳದ ಕಡೆಯವರು, ನನ್ನದೇ ವಯಸ್ಸು, ಎತ್ತರದ ಕಟ್ಟಡಗಳ ಹೊರಗೆ ಅಟ್ಟಣಿಗೆ ಕಟ್ಟುವ ಕೆಲಸ. ಓಡಿ ಬಂದು ಟೈ ಬಿಚ್ಚಿ, ನನ್ನ ಕಾಲು ಎತ್ತಿ ಪಾದ ಬಗ್ಗಿಸಿದರು.

"ಸರ್, ಬೆಳಿಗ್ಗೆಯಿಂದ ನೀರು ಎಷ್ಟು ಕುಡ್ದಿದ್ದೀರಿ?"

"ಮೂರು ಚಾ."

"ನಾನು ನೀರು ಕೇಳಿದ್ದು."

"ನಿನ್ನೆ ಸಂಜೆಯಿಂದ ಇಲ್ಲ."

"ಮೂತ್ರದ ಬಣ್ಣ ಎಂತ ಉಂಟು?"

ಮೈಕ್ ಇನ್ನೂ ನನ್ನ ಕೈಯಲ್ಲೇ ಇತ್ತು. ಆನ್ ಆಗಿತ್ತು.

ಅಲ್ಲಿ ಟಾಯ್ಲೆಟ್ಟಿನ ಗೋಡೆಗೆ ಬಣ್ಣಗಳ ಪಟ್ಟಿ ಅಂಟಿಸಿದ್ದಾರೆ. ತಿಳಿಯಾಗಿದ್ದರೆ ಒಳ್ಳೆಯದು, ಗಾಢವಾದಷ್ಟೂ ಅಪಾಯ. ಇಬ್ಬರು ನನ್ನನ್ನು ಎತ್ತಿಕೊಂಡು ಹೋದರು, ನೋಡಿದರು, ಎತ್ತಿಕೊಂಡು ಬಂದರು. "ಕೊನೆಯ ಬಣ್ಣ" ಎಂದು ಸಭೆಗೆ ವರದಿ ಒಪ್ಪಿಸಿದರು. ಸಭೆ ಗಂಭೀರವಾಯಿತು.

ದಯಾನಂದ ಒಂದು ಕೈಯಲ್ಲಿ ಓಆರ್‌ಎಸ್ ಪುಡಿ ಕಲಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸುತ್ತಾ, ಇನ್ನೊಂದು ಕೈಯಲ್ಲಿ ಮೈಕ್ ತೆಗೆದುಕೊಂಡರು.

"ನೋಡಿ, ಏಸಿಯಲ್ಲಿ ಕೂರುವವರಿಗೆ ಬಾಯಾರಿಕೆಯೇ ಗೊತ್ತಾಗುದಿಲ್ಲ. ನಾವು ಮೇಲೆ ಹತ್ತಿದವರು ಟಾಯ್ಲೆಟ್‌ಗೆ ಇಳೀಬೇಕಲ್ಲ ಅಂತ ಕುಡಿಯುದಿಲ್ಲ. ನಾನೂ ಹಾಗೆ ಮಾಡಿ ಒಮ್ಮೆ ಮೇಲೆ ಕಣ್ಣು ಕತ್ತಲೆ ಬಂದವ. ಸೇಫ್ಟಿ ಬೆಲ್ಟ್ ಇತ್ತು, ಬದುಕಿದೆ. ಬಾಯಾರುವ ಮೊದಲೇ ಕುಡೀರಿ. ಇಳಿಯುದು ದೊಡ್ಡದಲ್ಲ, ಬೀಳುದು ದೊಡ್ಡದು."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬೊಬ್ಬರೇ ಎದ್ದು ನೀರಿನ ಕೂಲರಿನ ಕಡೆ ಹೋದರು.

ನಿನ್ನೆ ವಾಲ್ಟರ್ ಫೋನ್ ಮಾಡಿದರು. ನಾನು ಎದ್ದು ನಿಂತೇ ಮಾತಾಡಿದೆ.

"ಶೆಟ್ರೆ, ಕಾರ್ಯಕ್ರಮ ಭಾರಿ ಹಿಟ್. ನವೆಂಬರಿಗೆ ಮೈಕ್ ದಯಾನಂದರಿಗೆ ಅಂತ ಆಯ್ತು. ಮತ್ತೆ, ಈ ಶುಕ್ರವಾರ ಇನ್ನೊಂದು ಕ್ಯಾಂಪಿನವರು ಕರೀತಿದ್ದಾರೆ. ಅಲ್ಲಿಯೂ ಮಾತು ದಯಾನಂದರೇ ಆಡ್ತಾರೆ."

"ಹಾಗಾದ್ರೆ ನಾನು?"

"ನೀವು ಬಂದು ಬಿದ್ರೆ ಸಾಕು."

ಶೋಭಾಗೆ ಹೇಳಿದರೆ ಅವಳು ತರಕಾರಿ ಹೆಚ್ಚುವುದನ್ನೂ ನಿಲ್ಲಿಸಲಿಲ್ಲ. "ಹೋಗಿ ಬನ್ನಿ. ಅಂತೂ ನಿಮಗೆ ಬರುವ ಕೆಲಸವೇ ಸಿಕ್ಕಿತಲ್ಲ."

ಒಪ್ಪಿಕೊಂಡಿದ್ದೇನೆ. ಈ ಸಲ ನೀರು ಕುಡಿದೇ ಬೀಳುತ್ತೇನೆ. ನೀವೂ ಹೀಗೆ ಊರೆದುರು ಮರ್ಯಾದೆ ಕಳೆದುಕೊಂಡಿದ್ದರೆ ನಾಚದೆ ಕೆಳಗೆ ಬರೆಯಿರಿ. ಭೂಮಿಯ ಮೇಲೆ ನಾನೊಬ್ಬನೇ ಅಲ್ಲ ಎಂದು ಹೆಂಡತಿಗೆ ತೋರಿಸಬೇಕಾಗಿದೆ.