ಯಾರ ಮನಿಗೆ? ಏನ್ ಕೆಲ್ಸ?

ನಿವೃತ್ತಿಯಾದ ಮೇಲೆ ಮನುಷ್ಯನ ಬಾಳಿನಲ್ಲಿ ಏನೂ ನಡೆಯುವುದಿಲ್ಲ ಎನ್ನುವವರು ಲೇಔಟಿನಲ್ಲಿ ಮನೆ ಕಟ್ಟಿಸಿದವರಲ್ಲ. ನಮ್ಮಲ್ಲಿ ಹಾಲಿನವನು ಒಂದು ದಿನ ತಪ್ಪಿಸಿದರೂ ತಪ್ಪಿಸಬಹುದು, ನಗೆಯ ಪ್ರಸಂಗ ಮಾತ್ರ ಹೊತ್ತಿಗೆ ಸರಿಯಾಗಿ ಬಾಗಿಲಿಗೆ ಬರುತ್ತದೆ.

ನಮ್ಮ ಲೇಔಟು ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ರಸ್ತೆಯ ಮಗ್ಗುಲಿಗಿದೆ. ಸುತ್ತಲೂ ಕಂಪೌಂಡು, ಹೋಗಲು ಬರಲು ಒಂದೇ ಗೇಟು. ಒಳಗೆ ಕ್ಲಬ್ ಹೌಸು, ಈಜುಕೊಳ, ಜಿಮ್ಮು, ಟೆನಿಸ್ ಕೋರ್ಟು. ಬಿಲ್ಡರು ಇದನ್ನೆಲ್ಲ ಕಟ್ಟಿ, ಮನೆ ಮಾಲೀಕರ ಸಂಘಕ್ಕೆ ಒಪ್ಪಿಸಿ ಕೈ ತೊಳೆದುಕೊಂಡ. ಇನ್ನು ಮುಂದೆ ದೀಪ, ನೀರು, ಕಾವಲು ಎಲ್ಲಕ್ಕೂ ಮನೆಮನೆಯಿಂದ ಮೇಂಟೆನೆನ್ಸ್ ಎತ್ತಿ ನಾವೇ ನಡೆಸಿಕೊಳ್ಳಬೇಕು. ಸಂಘಕ್ಕೆ ಅಧ್ಯಕ್ಷರನ್ನು ಆರಿಸುವ ಸಭೆಯ ನಡುವೆ ನಾನು ಚಾ ಕುಡಿಯಲು ಎದ್ದು ಹೋಗಿದ್ದೆ. ಬಂದು ನೋಡಿದರೆ ನನ್ನನ್ನೇ ಆರಿಸಿ ಚಪ್ಪಾಳೆಯನ್ನೂ ತಟ್ಟಿ ಮುಗಿಸಿದ್ದರು. ಬೇಡವೆಂದು ಬಾಯಲ್ಲಿ ಹೇಳಿದೆನಾದರೂ ಒಳಗೊಳಗೆ ಖುಷಿಯೇ ಆಯಿತು. ನೀರಾವರಿ ಇಲಾಖೆಯ ಇಂಜಿನಿಯರ್ ಆಗಿ ಜೀವಮಾನವೆಲ್ಲ ಕಾಲುವೆಯ ಮೇಲಿನವರ, ಕೆಳಗಿನವರ ಜಗಳ ಬಿಡಿಸಿದವನಿಗೆ ಮನೆಯಲ್ಲಿ ಸುಮ್ಮನೆ ಕೂತು ಬಾಯಿ ತುಕ್ಕು ಹಿಡಿದಿತ್ತು.

ಬಂದ ಕೆಲಸ

ಅಧ್ಯಕ್ಷನಾಗಿ ನಾನು ಮಾಡಿದ ಮೊದಲ ಕೆಲಸವೆಂದರೆ ಗೇಟಿಗೆ ಒಂದು ಶಿಸ್ತು ತಂದದ್ದು. ಕಾವಲಿಗಿದ್ದವನು ಕುಡತಿನಿಯವನು, ಒಳ್ಳೆಯ ಮನುಷ್ಯ. ಅವನನ್ನು ಕೂರಿಸಿಕೊಂಡು ಎರಡು ಪ್ರಶ್ನೆ ಕಲಿಸಿದೆ. ಯಾರೇ ಬರಲಿ, ಯಾರ ಮನೆಗೆ ಎಂದು ಕೇಳಬೇಕು. ಏನು ಕೆಲಸ ಎಂದು ಕೇಳಬೇಕು. ಆಮೇಲೆ ಆ ಮನೆಯ ಮಾಲೀಕನಿಗೆ ಫೋನು ಮಾಡಿ, ಬಂದವರು ಹೇಳಿದ್ದನ್ನು ಹೇಳಿದ ಹಾಗೆಯೇ ತಿಳಿಸಬೇಕು. ಮಾಲೀಕ ಬಿಡು ಎಂದರೆ ಮಾತ್ರ ಗೇಟು. ನಿನ್ನದೊಂದು ಮಾತು ಕೂಡಿಸಬೇಡ, ಒಂದು ಮಾತು ಕಳೆಯಬೇಡ ಎಂದು ಒತ್ತಿ ಹೇಳಿದೆ. ಅವನು ಅದನ್ನು ಗುರುಮಂತ್ರದಂತೆ ತಗೊಂಡ.

ಮೊದಲು ಸಿಕ್ಕಿಬಿದ್ದವರು ನನ್ನ ಹೆಂಡತಿಯ ಅಕ್ಕ. ಸಿರುಗುಪ್ಪದವರು. ತಲೆಯ ಮೇಲೆ ಸೆರಗು, ಕೈಯಲ್ಲಿ ಜೋಳದ ರೊಟ್ಟಿಯ ಗಂಟು, ಗುರೆಳ್ಳು ಚಟ್ನಿಪುಡಿಯ ಡಬ್ಬಿ. ಬಸ್ಸಿಳಿದು ಸೀದಾ ಒಳಗೆ ನಡೆದವರನ್ನು ಇವನು ಅಡ್ಡಗಟ್ಟಿದ. ಯಾರ ಮನೆಗೆ ಎಂದಾಗ ಹೇಗೋ ತಡೆದುಕೊಂಡು ಹೇಳಿದರಂತೆ. ಏನು ಕೆಲಸ ಎಂದಾಗ ಅವರ ಪಿತ್ತ ನೆತ್ತಿಗೇರಿತು. ತಂಗಿಯ ಮನೆಗೆ ಬರಲು ಕೆಲಸ ಬೇರೆ ಬೇಕೇ?

ನಾನು ಊಟಕ್ಕೆ ಕೂತಿದ್ದೆ. ಫೋನು ಬಂತು.

"ಸಾರ್, ಸಿರುಗುಪ್ಪಿಂದ ಒಬ್ಬ ಅಮ್ಮಾರು ಬಂದಾರ್ರಿ. ನಿಮ್ಮ ಮನಿಗೇ. ಏನ್ ಕೆಲ್ಸ ಅಂತ ಕೇಳಿದ್ರ, ನಿಮ್ಮ ಕೂಡ ಜಗಳ ಆಡಾಕ ಬಂದೀನಿ ಅಂತಾರ. ಒಳಗ ಬಿಡ್ಲೇನ್ರಿ?"

ಬಿಡು ಎಂದೆ. ಅವರು ಬಂದ ಕೆಲಸವನ್ನು ಸಂಜೆಯವರೆಗೂ ಚೆನ್ನಾಗಿಯೇ ಮಾಡಿದರು.

ಬಳಸಿದರೂ, ಬಳಸದಿದ್ದರೂ

ಗೇಟು ಸುಲಭ. ಕಷ್ಟದ್ದು ಮೇಂಟೆನೆನ್ಸ್. ಅದರ ಮುಂದೆ ನಿಂತಿದ್ದವರು ನಮ್ಮ ಎದುರು ಮನೆಯ ಕುರುಗೋಡಿನ ಗೌಡ್ರು. ಬಿಳಿ ಧೋತರ, ಗಿರಿಜಾ ಮೀಸೆ, ಮಾತಾಡಿದರೆ ನಾಲ್ಕು ಮನೆಗೆ ಕೇಳುವ ಗಂಟಲು. ಹೊಲ ಮನೆ ಎಲ್ಲ ಕುರುಗೋಡಿನಲ್ಲಿದ್ದರೂ ಹೆಂಡತಿಗೆ ಇಲ್ಲಿಯ ಗಾಳಿ ಹಿಡಿಸಿತೆಂದು ಬಂದು ನೆಲೆಸಿದವರು. ಅವರು ಕಟ್ಟಿದರೆ ಎಲ್ಲರೂ ಕಟ್ಟುತ್ತಾರೆ, ಅವರು ಕಟ್ಟದಿದ್ದರೆ ಯಾರೂ ಕಟ್ಟುವುದಿಲ್ಲ, ಅಂಥ ತೂಕ.

ಸಭೆಯಲ್ಲಿ ಅವರು ಕೇಳಿದ್ದು ಇಷ್ಟೇ. ನಾನು ಜಿಮ್ಮಿಗೆ ಹೋಗುವುದಿಲ್ಲ, ಈಜುಕೊಳಕ್ಕೆ ಇಳಿಯುವುದಿಲ್ಲ, ಟೆನಿಸ್ ಆಡುವುದಿಲ್ಲ. ಯಾಕೆ ಕಟ್ಟಬೇಕು? ನಾನು ನನ್ನ ಕಾಲುವೆಯ ಜ್ಞಾನವನ್ನೆಲ್ಲ ಬಿಚ್ಚಿದೆ. ಕಾಲುವೆ ಎಂದ ಮೇಲೆ ಎಲ್ಲರಿಗೂ ಸೇರಿದ್ದು, ಹೂಳು ತೆಗೆಸುವ ಖರ್ಚು ಎಲ್ಲರ ಮೇಲೂ ಬೀಳುತ್ತದೆ, ನೀವು ಆ ವರ್ಷ ಭತ್ತ ಹಾಕಿದಿರೋ ಹೊಲ ಬೀಳುಬಿಟ್ಟಿರೋ ಅದು ಬೇರೆ ಮಾತು. ಹಾಗೆಯೇ ಇಲ್ಲಿ ಬಳಸಿದರೂ ಕಟ್ಟಬೇಕು, ಬಳಸದಿದ್ದರೂ ಕಟ್ಟಬೇಕು.

ಗೌಡ್ರು ಮೀಸೆ ಸವರಿಕೊಂಡರು. ಗೆದ್ದೆ ಅಂದುಕೊಂಡೆ.

"ಹಂಗಾದ್ರ ಬಳಸೇ ಬಿಡ್ತೀನಿ ತಗೋರಿ ಸಾಹೇಬ್ರ. ಬಳಸಿ ನೋಡಿ, ಹಿಡಿಸಿದ್ರ ಕಟ್ತೀನಿ."

ಉಳಿದವರೆಲ್ಲ ಅದೇ ಸರಿ ಎಂದು ತಲೆಯಾಡಿಸಿ ಎದ್ದು ಹೋದರು.

ಐದು ಅಡಿ

ಮರುದಿನ ಬೆಳಗ್ಗೆಯೇ ಗೌಡ್ರು ಈಜುಕೊಳದ ಹತ್ತಿರ ಹಾಜರು. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಸೋಪಿನ ಡಬ್ಬಿ, ಮೈ ಉಜ್ಜುವ ಕಲ್ಲು, ತಲೆಗೆ ಹರಳೆಣ್ಣೆ. ನಾನು ಓಡಿ ಹೋಗಿ, ಇದು ಸ್ನಾನದ ಜಾಗವಲ್ಲ, ಸೋಪು ಕೂಡದು, ಎಣ್ಣೆ ಕೂಡದು, ಈಜುಡುಗೆ ಇಲ್ಲದೆ ಇಳಿಯಕೂಡದು ಎಂದು ಬೋರ್ಡು ತೋರಿಸಿದೆ. ಸೋಪು ಒಪ್ಪಿಸಿದರು. ಕಲ್ಲು ಒಪ್ಪಿಸಿದರು. ನಲ್ಲಿಯ ಕೆಳಗೆ ಕೂತು ತಲೆಯ ಎಣ್ಣೆಯನ್ನೂ ತೊಳೆದುಕೊಂಡರು. ಉಡುಗೆಯ ಮಾತು ಬಂದಾಗ ಮಾತ್ರ ತಮ್ಮ ಪಟಾಪಟಿ ಚಡ್ಡಿಯನ್ನು ಹೆಮ್ಮೆಯಿಂದ ನೋಡಿಕೊಂಡು, ಇದೇ ಚಡ್ಡಿಯಲ್ಲಿ ಊರ ಬಾವಿಯ ತಳ ಮುಟ್ಟಿ ಮಣ್ಣು ತಂದವನು ನಾನು ಎಂದರು. ಆ ಚಡ್ಡಿಯ ವಯಸ್ಸು ನೋಡಿದರೆ ಸುಳ್ಳೆನ್ನುವಂತಿರಲಿಲ್ಲ.

ಆಮೇಲೆ ಮೆಟ್ಟಿಲು ಇಳಿಯುವ ಬದಲು ಪಂಪ್ ಹೌಸಿನ ಕಟ್ಟೆ ಹತ್ತಿದರು. ನಾನು ಬೇಡ ಎನ್ನುವಷ್ಟರಲ್ಲಿ ಮೊಳಕಾಲು ಎದೆಗೆ ಅಪ್ಪಿಕೊಂಡು ಹಾರಿದರು. ನೀರೆಲ್ಲ ಎದ್ದು ಬಂದು ನನ್ನನ್ನೂ, ಪಕ್ಕದಲ್ಲಿ ಪೇಪರ್ ಓದುತ್ತಿದ್ದವರನ್ನೂ ತೋಯಿಸಿ, ಹುಲ್ಲಿಗೂ ಒಂದಿಷ್ಟು ಬಿದ್ದು ಮಾಲಿಯ ಕೆಲಸ ಉಳಿಸಿತು. ಗೌಡ್ರು ಮಾತ್ರ ನೆಟ್ಟಗೆ ನಿಂತಿದ್ದರು. ಕೊಳದ ಆಳವೇ ಐದು ಅಡಿ, ನೀರು ಎದೆಯ ಮಟ್ಟಕ್ಕಿತ್ತು. ಅಂಗಡಿಯವನು ತೂಕದಲ್ಲಿ ಮೋಸ ಮಾಡಿದಾಗ ನೋಡುವ ಹಾಗೆ ನನ್ನನ್ನು ನೋಡಿದರು.

"ಸಾಹೇಬ್ರ, ಇದ್ರಾಗ ಮುಳುಗಬೇಕಂದ್ರ ಕುಂದ್ರಬೇಕಲ್ರೀ."

ಅಲ್ಲಿಂದ ಜಿಮ್ಮು. ಟ್ರೆಡ್‌ಮಿಲ್ಲಿನ ಮೇಲೆ ಧೋತರ ಎತ್ತಿ ಕಟ್ಟಿಕೊಂಡು ಬೆವರು ಇಳಿಯುವ ತನಕ ನಡೆದರು. ಇಳಿದು ಸುತ್ತ ನೋಡಿ, ಇಷ್ಟು ನಡೆದಿದ್ದರೆ ಕೊಳಗಲ್ಲು ಊರು ಮುಟ್ಟಿ ಯಾರದಾದರೂ ಮನೆಯಲ್ಲಿ ಚಾ ಕುಡಿಯುತ್ತಿದ್ದೆ, ಇದು ಹತ್ತಿದಲ್ಲೇ ಇಳಿಸಿತು ಎಂದು ಬೇಸರಪಟ್ಟುಕೊಂಡರು.

ಹಿಡಿಸಿತೇ ಎಂದು ಕೇಳುವ ಧೈರ್ಯ ನನಗೆ ಆಗಲಿಲ್ಲ.

ನೆಟ್ಟಿನ ಆಚೆ, ನೆಟ್ಟಿನ ಈಚೆ

ಟೆನಿಸ್ ಕೋರ್ಟನ್ನು ಗೌಡ್ತಿಯವರು ನೋಡಿಕೊಂಡರು. ಕುರುಗೋಡಿನ ಹೊಲದಿಂದ ಒಂದು ಟ್ರ್ಯಾಕ್ಟರ್ ಬ್ಯಾಡಗಿ ಮೆಣಸಿನಕಾಯಿ ತರಿಸಿ ಕೋರ್ಟಿನ ತುಂಬ ಹರವಿಬಿಟ್ಟರು. ಇಂಥ ಸಮತಟ್ಟಾದ ಕಣ ತಮ್ಮ ಊರಲ್ಲೂ ಇಲ್ಲವೆಂದು ಕಟ್ಟಿದ ಬಿಲ್ಡರನನ್ನು ಬಾಯಿ ತುಂಬ ಹರಸಿದರು.

ಟೆನಿಸ್ ಆಡುವವರು ಲೇಔಟಿನಲ್ಲಿ ಇದ್ದದ್ದೇ ಒಬ್ಬ ಡಾಕ್ಟರು. ಅವರು ಸಂಜೆ ರ‍್ಯಾಕೆಟ್ ಹಿಡಿದು ಬಂದು, ಸೀನುತ್ತ ಸೀನುತ್ತ ನನ್ನ ಮನೆಗೆ ದೂರು ತಂದರು. ಅಧ್ಯಕ್ಷನೆಂದ ಮೇಲೆ ನ್ಯಾಯ ಮಾಡಬೇಕಲ್ಲ. ಗಂಟಲು ಸರಿಮಾಡಿಕೊಂಡು, ಈಗಲೇ ತೆಗೆಸುತ್ತೇನೆ ಬನ್ನಿ ಎಂದು ಅವರನ್ನು ಕರೆದುಕೊಂಡು ಹೋದೆ. ನೆಟ್ಟಿನ ಆಚೆ ಗೌಡ್ತಿಯವರ ಮೆಣಸಿನಕಾಯಿ ಕೆಂಪಗೆ ಹೊಳೆಯುತ್ತಿತ್ತು. ನೆಟ್ಟಿನ ಈಚೆ, ಸೀರೆ ಹಾಸಿ ಅದರ ತುಂಬ ಸಂಡಿಗೆ ಇಟ್ಟುಕೊಂಡು ಕೂತಿದ್ದವಳು ನನ್ನ ಹೆಂಡತಿ.

"ಡಾಕ್ಟ್ರ, ಚೆಂಡು ಆಚಿ ಕಡಿ ಹೊಡೀರಿ," ಎಂದಳು. "ಈಚಿ ಕಡಿ ಬಿದ್ರ ಸಂಡಿಗಿ ಮುರೀತಾವು."

ಪಂಖದ ಮೇಲಿನ ಹೆಸರು

ನಗುವುದು ನಕ್ಕೆವು, ಮೇಂಟೆನೆನ್ಸ್ ಮಾತ್ರ ಬರಲಿಲ್ಲ. ಕಾವಲಿಗೆ ಜನ ಕೊಡುವ ಏಜೆನ್ಸಿಯವರು ಬಂದು, ತಿಂಗಳು ಮುಗಿಯುವುದರೊಳಗೆ ಬಾಕಿ ಕಟ್ಟದಿದ್ದರೆ ನಿಮ್ಮ ಗೇಟಿನ ಮನುಷ್ಯನನ್ನು ತೆಗೆದುಬಿಡುತ್ತೇವೆ ಎಂದು ಹೇಳಿ ಹೋದರು. ಅವತ್ತು ಸಂಜೆ ಅವನು ನನ್ನ ಮನೆಯ ಮೆಟ್ಟಿಲಿಗೆ ಬಂದು ನಿಂತ. ಗೌಡ್ರೂ ಅಲ್ಲೇ ಚಾ ಕುಡಿಯುತ್ತ ಕೂತಿದ್ದರು. ಅವನು ಕುಡತಿನಿಯಲ್ಲಿ ಮನೆಗೆ ಪಾಯ ಹಾಕಿಸಿದ್ದ. ಅವನು ಬೇರೇನೂ ಕೇಳಲಿಲ್ಲ. ಯಾವತ್ತಿನ ಹಾಗೆ ಅಪ್ಪಣೆ ಕೇಳುವ ದನಿಯಲ್ಲೇ ಕೇಳಿದ.

"ಸಾರ್, ಗ್ವಾಡಿ ಎಬ್ಬಿಸ್ಲೋ, ಪಾಯಕ್ಕೇ ಬಿಡ್ಲೋ?"

  ಗೌಡ್ರು ಚಾ ಲೋಟ ಕೆಳಗಿಟ್ಟು ಅವನಿಗೆ, ಎಬ್ಬಿಸು ನೀನು ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ನೀವು ಕೇಳೋದು ಸರಿ ಇಲ್ರೀ ಸಾಹೇಬ್ರ. ಫೀ ಅಂದ್ರ ಮಂದಿಗಿ ದಂಡ ತೆತ್ತಂಗ ಆಗ್ತದ. ದೇಣಿಗಿ ಅನ್ರಿ. ಹೆಸರ ಬರಸ್ರಿ. ಆಮ್ಯಾಲೆ ನೋಡ್ರಿ."

ಹಾಗೆಯೇ ಮಾಡಿದೆವು. ವರ್ಷದ ಮೇಂಟೆನೆನ್ಸ್ ಒಟ್ಟಿಗೆ ಕಟ್ಟಿದವರ ಮನೆತನದ ಹೆಸರನ್ನು ಕ್ಲಬ್ ಹೌಸಿನ ಒಂದೊಂದು ಸಾಮಾನಿನ ಮೇಲೆ ಬರೆಸುವುದೆಂದು ಸಾರಿದೆವು. ಮೊದಲು ಗೌಡ್ರೇ ಕಟ್ಟಿದರು. ಆಮೇಲೆ ನಾನು ನೂಕುನುಗ್ಗಲು ತಡೆಯಬೇಕಾಯಿತು. ನಾಲ್ಕು ಸಲ ಬಾಗಿಲು ತಟ್ಟಿದರೂ ಮನೆಯಲ್ಲಿಲ್ಲ ಎಂದು ಹೇಳಿಸಿದವರು ತಾವಾಗಿ ಬಂದು, ತಮ್ಮ ಹೆಸರಿಗೆ ಪಂಖವೇ ಬೇಕೆಂದು ಹಟ ಹಿಡಿದರು. ಸಾಮಾನು ಸಾಲದೆ ಡಂಬೆಲ್ಲುಗಳಿಗೂ ಹೆಸರು ಬರೆಸಿದೆವು. ಹುಟ್ಟಿದಾಗಿನಿಂದ ಬಂಡಿ ಇಳಿದು ನಡೆದವರೇ ಅಲ್ಲ ಎಂದು ಮನೆಯವರು ಹೇಳಿಕೊಳ್ಳುವ ಒಬ್ಬ ಅಜ್ಜನ ನೆನಪಿಗೆ ಈಗ ನಮ್ಮ ಟ್ರೆಡ್‌ಮಿಲ್ಲು ಇದೆ.

ತೊಂದರೆ ಆದದ್ದು ಪಂಖಗಳಲ್ಲಿ. ಹೆಸರನ್ನು ಬರೆದದ್ದು ರೆಕ್ಕೆಯ ಮೇಲೆ. ಪಂಖ ತಿರುಗಿದರೆ ಓದಲು ಬರುವುದಿಲ್ಲ. ಹೀಗಾಗಿ ಯಾರ ಮನೆಗೆ ನೆಂಟರು ಬಂದರೂ ಅವರನ್ನು ಕ್ಲಬ್ ಹೌಸಿಗೆ ಕರೆತಂದು, ಕೂರಿಸಿ, ಮೊದಲು ತಮ್ಮ ಪಂಖ ಆರಿಸುತ್ತಾರೆ. ಬಳ್ಳಾರಿಯ ಬೇಸಿಗೆಯಲ್ಲಿ ನೆಂಟರು ಬೆವರು ಒರೆಸಿಕೊಳ್ಳುತ್ತ, ಬಹಳ ಛಲೋ ಬರೆಸೀರಿ ಎಂದು ಮೇಲೆ ನೋಡುತ್ತ ಕೂರುತ್ತಾರೆ.

ನನ್ನ ಕಲ್ಲು

ಈಗ ಕೊನೆಯದು. ಇದನ್ನು ನೆನೆದು ನಾನು ಒಬ್ಬನೇ ನಗುತ್ತಿರುತ್ತೇನೆ, ಮನೆಯವರು ಅಭ್ಯಾಸ ಮಾಡಿಕೊಂಡಿದ್ದಾರೆ.

ಬಾಕಿ ತೀರಿತು, ಗೇಟಿನವನ ಕೆಲಸ ಉಳಿಯಿತು, ಕುಡತಿನಿಯಲ್ಲಿ ಗೋಡೆ ಎದ್ದಿತು. ಗೌಡ್ರಿಗೆ ನನ್ನ ಮೇಲೆ ಪ್ರೀತಿ ಉಕ್ಕಿತು. ಇಷ್ಟೆಲ್ಲ ಓಡಾಡಿದ ಅಧ್ಯಕ್ಷರ ಹೆಸರು ಒಂದು ಡಂಬೆಲ್ಲಿನ ಮೇಲೂ ಇಲ್ಲವಲ್ಲ ಎಂದು ಅವರಿಗೆ ಅನಿಸಿತಂತೆ. ಗೇಟಿನ ಹೊರಗೆ ಬಸ್ಸು ನಿಲ್ಲುವ ಕಡೆ ಒಂದು ಗ್ರಾನೈಟಿನ ಬೆಂಚು ಹಾಕಿಸಿದರು. ನನಗೆ ಸುದ್ದಿ ಕೊಡಲಿಲ್ಲ. ಸಂಜೆ ಕರೆದುಕೊಂಡು ಹೋಗಿ ತೋರಿಸಿ ಬೆರಗುಗೊಳಿಸಬೇಕೆಂದು ಅವರ ಆಸೆ. ಫೋಟೋ ಬೇಕೆಂದು ನನ್ನ ಹೆಂಡತಿಯನ್ನು ಕೇಳಿದ್ದರು. ಅವಳು ಯಾವುದಕ್ಕೋ ಏನೋ ಎಂದು ನಾನು ನಿವೃತ್ತನಾದ ದಿನ ತೆಗೆಸಿದ್ದನ್ನು ಕೊಟ್ಟಿದ್ದಳು. ಕೊರಳಲ್ಲಿ ಹಾರವಿತ್ತು.

ಕಲ್ಲು ಕೆತ್ತುವವನಿಗೆ ಇಂಥ ಬೆಂಚು ಹೊಸದಲ್ಲ. ಎಲ್ಲ ಬೆಂಚಿಗೂ ಅವನು ಕೆತ್ತುವುದು ಒಂದೇ ಬಗೆ. ಬೆನ್ನಿನ ಕಲ್ಲಿನ ನಡುವೆ ಹಾರ ಹಾಕಿದ ನನ್ನ ಮುಖ, ನನ್ನ ಹೆಸರು, ಎರಡೂ ಕಡೆ ಉರಿಯುವ ದೀಪ, ಕೆಳಗೆ 'ಇವರ ಪುಣ್ಯಸ್ಮರಣೆಗಾಗಿ', ಅದರ ಕೆಳಗೆ ಗೌಡ್ರ ಮನೆತನದ ಹೆಸರು. ಗೌಡ್ರು ನೋಡಿ, ಬಹಳ ಲಕ್ಷಣವಾಗಿದೆ ಎಂದರಂತೆ. ಬದುಕಿದವರಿಗೆ ಹೀಗೆ ಕೆತ್ತಿಸುವುದುಂಟೇ ಎಂದು ಆಮೇಲೆ ನಾನು ಕೇಳಿದರೆ, ಸತ್ತ ಮೇಲೆ ಕೆತ್ತಿಸಿದರೆ ನೀವು ನೋಡಬೇಕಲ್ಲ ಎಂದರು. 

ಬೆಂಚು ಕೂತ ಅವತ್ತೇ ಮಧ್ಯಾಹ್ನ ಸಿರುಗುಪ್ಪದಿಂದ ನನ್ನ ಹೆಂಡತಿಯ ಅಕ್ಕ, ತಮ್ಮ ಮಗ ಸೊಸೆ ಮೊಮ್ಮಕ್ಕಳನ್ನೆಲ್ಲ ಕಟ್ಟಿಕೊಂಡು ಬಸ್ಸಿಳಿದರು. ಬಳ್ಳಾರಿಯಲ್ಲಿ ಸೀರೆ ಕೊಳ್ಳಲು ಬಂದವರು, ಮೊದಲು ತಂಗಿಯ ಮನೆಯಲ್ಲಿ ಊಟ ಮುಗಿಸಿ ಹೋಗೋಣವೆಂದು. ಇಳಿದು ಕಣ್ಣೆತ್ತಿದರೆ ಎದುರಿಗೆ ನಾನು, ದೀಪಗಳ ನಡುವೆ. ಅಕ್ಕ ಅಲ್ಲೇ ಕುಸಿದರು. ಸುದ್ದಿಯನ್ನೂ ಕೊಡಲಿಲ್ಲವಲ್ಲ, ಕಲ್ಲು ಹಾಕಿಸುವ ತನಕ ಬಾಯಿ ಬಿಡಲಿಲ್ಲವಲ್ಲ ಎಂದು ತಂಗಿಯನ್ನೂ ಬೈದು, ಜಗಳವಾಡಿದ್ದು ಮನಸ್ಸಿಗೆ ಹಚ್ಚಿಕೊಂಡು ಹೋದರೇನೋ ಎಂದು ನನ್ನನ್ನೂ ನೆನೆದು ಅತ್ತರಂತೆ. ಬಸ್ಸಿನಲ್ಲಿದ್ದವರೂ ಕಿಟಕಿಯಿಂದ ಕೈ ಮುಗಿದರಂತೆ. ತಂಗಿಗೆ ಫೋನು ಮಾಡಿದರೆ, ಅವಳು ಫೋನನ್ನು ಮನೆಯಲ್ಲಿಟ್ಟು ಟೆನಿಸ್ ಕೋರ್ಟಿನಲ್ಲಿ ಸಂಡಿಗೆ ತಿರುವುತ್ತಿದ್ದಳು.

ಮನೆಯಲ್ಲಿ ಇದ್ದವನು ನಾನೊಬ್ಬನೇ. ಮಂಚದ ಮೇಲೆ ಅಂಗಾತ ಮಲಗಿ ಒಳ್ಳೆಯ ನಿದ್ದೆಯಲ್ಲಿದ್ದೆ. ನನ್ನ ಫೋನು ಬಡಿದುಕೊಂಡಿತು. ನಾನು ಕಷ್ಟಪಟ್ಟು ಉಳಿಸಿಕೊಂಡ ಮನುಷ್ಯ, ಗೇಟಿನಿಂದ. ಹಿಂದೆ ಹೆಂಗಸರು ಅಳುವ ಸದ್ದು.

"ಸಾರ್, ಸಿರುಗುಪ್ಪದ ಅಮ್ಮಾರು ಬಂದಾರ್ರಿ, ಮಂದೀನ್ನ ಕರ್ಕೊಂಡು. ನಿಮ್ಮ ಮನಿಗೇ. ಏನ್ ಕೆಲ್ಸ ಅಂದ್ರ, ನಿಮ್ಮ ಮಣ್ಣಿಗಂತೂ ಬರಾಕ ಆಗಲಿಲ್ಲ, ಅತ್ತು ಹೋಗಾಕ ಬಂದೀವಿ ಅಂತಾರ. ಒಳಗ ಬಿಡ್ಲೇನ್ರಿ?"

ನಾನು ಎದ್ದು ಕೂತೆ. ಗೋಡೆಯ ಕನ್ನಡಿಯಲ್ಲಿ ಮುಖ ನೋಡಿಕೊಂಡೆ.

"ಲೇ, ನಾನು ಬದುಕಿದೀನಿ ಅಂತ ಅವರಿಗೆ ಹೇಳಲಿಲ್ಲೇನು?"

"ನನ್ನ ಮಾತು ಒಂದೂ ಕೂಡಿಸಬಾರದು ಅಂತ ನೀವ ಹೇಳೀರಲ್ರೀ ಸಾರ್."